ಮೂವತ್ತು ಹಣ್ಣಿನ ಸಾಲ

ಅಮ್ಮನಿಗೆ ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಸುಮಾರು ಎರಡು ತಿಂಗಳು ಏನೂ ಸೇರುತ್ತಿರಲಿಲ್ಲ. ಬಾಯಿಗಿಟ್ಟದ್ದೆಲ್ಲ ಕಹಿ ಅನ್ನುತ್ತಿದ್ದಳು. ನೋಡಲು ಬಂದವರೊಬ್ಬರು ಒಂದು ಡ್ರ್ಯಾಗನ್ ಹಣ್ಣು ಕೊಟ್ಟು ಹೋದರು. ಎರಡು ಹೋಳು ಮಾಡಿ, ಚಮಚದಲ್ಲಿ ಕೆಂಪು ತಿರುಳು ತೆಗೆದು ತಿನ್ನಿಸಿದೆ. ಒಂದು ಚಮಚ ತಿಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೊಂದು ಕೊಡು" ಅಂದಳು. ಎರಡು ತಿಂಗಳಲ್ಲಿ ಅಮ್ಮ ತಾನಾಗಿ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಉಳಿದ ಅರ್ಧ ತರಲು ಅಡುಗೆಮನೆಗೆ ಹೋದಾಗ ನನ್ನ ಕಣ್ಣು ತುಂಬಿತ್ತು.

ಅಂದಿನಿಂದ ದಿನ ಬಿಟ್ಟು ದಿನ ಆ ಹಣ್ಣು ತರುವುದು ಶುರುವಾಯಿತು. ಮೊದಲ ವಾರದಲ್ಲೇ ಒಂದು ಗಾಬರಿಯೂ ಆಯಿತು. ಅಮ್ಮನ ಮೂತ್ರ ಕೆಂಪಗೆ ಬಂತು. ಆಪರೇಷನ್ ಆದವಳು ಬೇರೆ. ನಾವು ಆಸ್ಪತ್ರೆಗೆ ಹೊರಟೇ ಬಿಟ್ಟಿದ್ದೆವು. ಅಷ್ಟರಲ್ಲಿ ನನಗೂ ಹಾಗೇ ಆಗಿದ್ದು ಗಮನಕ್ಕೆ ಬಂತು. ಇಬ್ಬರೂ ತಿಂದಿದ್ದು ಕೆಂಪು ತಿರುಳಿನ ಹಣ್ಣು. ಬೀಟ್‌ರೂಟಿನಲ್ಲಿರುವ ಜಾತಿಯದೇ ಬಣ್ಣ ಇದರಲ್ಲೂ ಇದೆ. ಹಾಗಾಗಿ ಈ ಹಣ್ಣನ್ನು ಮೊದಲ ಸಲ ಯಾರಿಗಾದರೂ ಕೊಡುವಾಗ ನಾನು ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಬೆಲೆ ಮಾತ್ರ ವಾರ ವಾರಕ್ಕೂ ಏರುತ್ತಿತ್ತು. ಶುರುವಿನಲ್ಲಿ ತೂಕಕ್ಕೆ ಮಾರುತ್ತಿದ್ದರು. ಆಮೇಲೆ ಬಿಡಿಯಾಗಿ, ಒಂದಕ್ಕೆ ಇಷ್ಟು ಅಂತ. ಹಣ್ಣನ್ನು ಬಿಡಿಯಾಗಿ ಎಣಿಸಿ ಮಾರತೊಡಗಿದರೆ ಅದು ನಮ್ಮಂಥವರ ಕೈಗೆ ಸಿಗದ ಹಾಗೆ ಆಗುತ್ತಿದೆ ಅಂತಲೇ ಅರ್ಥ. ಒಂದು ಸಂಜೆ ಅಮ್ಮ ಹಣ್ಣಿನ ಚೀಲ ನೋಡಿ, "ಬೇಡ ಬಿಡೇ, ಇದಕ್ಕೆ ಅಷ್ಟು ದುಡ್ಡು ಸುರಿಯಬೇಕಾ? ನಂಗೆ ಈಗ ಬೇರೆ ಏನಾದ್ರೂ ಸೇರುತ್ತೆ" ಅಂದಳು. ಸೇರುತ್ತಿರಲಿಲ್ಲ, ನನಗೆ ಗೊತ್ತಿತ್ತು. ಆ ಮಾತು ನನ್ನನ್ನು ಚುಚ್ಚಿತು.

ಮಾರನೆ ದಿನ ಹಣ್ಣು ಮಾರುವವರನ್ನೇ ಕೇಳಿದೆ. "ಸೀಸನ್ ಮುಗೀತಲ್ವಾ ಅಕ್ಕಾ, ಈಗ ಬರೋದೆಲ್ಲ ದೂರದ್ದು" ಅಂದರು. ಅವರ ಮೇಲೆ ನನಗಿದ್ದ ಸಿಟ್ಟು ಆಮೇಲೆ ಓದುತ್ತಾ ಹೋದ ಹಾಗೆ ಕಡಿಮೆಯಾಯಿತು. ಈ ಗಿಡ ಹೂ ಬಿಡುವುದು ಹಗಲು ಉದ್ದವಾಗಿರುವ ತಿಂಗಳುಗಳಲ್ಲಿ. ಹಗಲು ಗಿಡ್ಡವಾದರೆ ಸುಮ್ಮನಾಗಿಬಿಡುತ್ತದೆ. ವಿಯೆಟ್ನಾಂನ ಬಿನ್ ಥುವಾನ್ ಕಡೆ ರೈತರು ಸೀಸನ್ ಅಲ್ಲದ ಕಾಲದಲ್ಲಿ ತೋಟದ ತುಂಬ ಬಲ್ಬು ಹಾಕಿ, ರಾತ್ರಿಯ ಕತ್ತಲನ್ನು ನಡುವೆ ಮುರಿದು ಹೂ ಬರಿಸುತ್ತಾರೆ. ಆ ಕರೆಂಟಿನ ಖರ್ಚು, ತಂಪು ಗೋದಾಮು, ದೂರದ ಸಾಗಣೆ ಎಲ್ಲವೂ ಹಣ್ಣಿನ ಮೇಲೆಯೇ ಬೀಳುತ್ತದೆ. ಮೊದಲ ಹಣ್ಣು ಕಾಣುವ ಮುಂಚೆಯೇ ಸಾಲು ಸಾಲಾಗಿ ಕಂಬ ನೆಡಬೇಕು. ಮಳೆಗಾಲದಲ್ಲಿ ಕಾಂಡಕ್ಕೆ ಕೊಳೆ ರೋಗ ಬಂದರೆ ತೋಟಕ್ಕೆ ತೋಟವೇ ನರಳುತ್ತದೆ. ಹೀಗಿರುವಾಗ ಬೆಲೆ ಇಳಿಯಲಿ ಅಂತ ಕಾಯುತ್ತಾ ಕೂರುವುದು ನನಗೆ ಸರಿ ಅನ್ನಿಸಲಿಲ್ಲ. ನಮಗೊಂದು ತಾರಸಿ ಇತ್ತು. ದಿನಕ್ಕೆ ಆರೇಳು ಗಂಟೆ ಚೆನ್ನಾಗಿ ಬಿಸಿಲು ಬೀಳುತ್ತಿತ್ತು.

ಅವತ್ತೇ ಒಂದು ನೋಟ್‌ಬುಕ್ ತೆಗೆದೆ. ಖರ್ಚನ್ನೆಲ್ಲ ದುಡ್ಡಿನಲ್ಲಿ ಬರೆಯದೆ ಹಣ್ಣಿನಲ್ಲಿ ಬರೆಯೋಣ ಅಂದುಕೊಂಡೆ. ಆ ದಿನ ಒಂದು ಹಣ್ಣಿಗೆ ಎಷ್ಟು ಬೆಲೆ ಇತ್ತೋ ಅದೇ ನನ್ನ ಅಳತೆ. ಡ್ರಮ್ಮಿಗೆ 3 ಹಣ್ಣು, ಕಂಬಕ್ಕೆ 5 ಹಣ್ಣು, ಹೀಗೆ. ಗಿಡ ನನಗೆ ಎಷ್ಟು ಹಣ್ಣು ವಾಪಸ್ ಕೊಡಬೇಕು ಅನ್ನುವುದು ಆಗ ಸುಲಭವಾಗಿ ಕಾಣುತ್ತದೆ ಅಲ್ವಾ?

ಮೊದಲು ಬೀಜದಿಂದ ಬೆಳೆಸಲು ಹೋದವಳು ನನ್ನ ಮಗಳು. ತಿಂದ ಹಣ್ಣಿನ ಒಂದು ಚಮಚ ತಿರುಳನ್ನು ಜಾಲರಿಯಲ್ಲಿ ತೊಳೆದು, ಎಳ್ಳಿನಂಥ ಕಪ್ಪು ಬೀಜಗಳನ್ನು ಒದ್ದೆ ಕಾಗದದ ಮೇಲೆ ಹರಡಿದಳು. ವಾರದಲ್ಲಿ ಎಲ್ಲವೂ ಮೊಳೆತವು. ಎರಡು ಪುಟ್ಟ ಎಲೆ, ನಡುವೆ ಕೂದಲಿನಂಥ ಮುಳ್ಳು. ಅವಳ ಸಂತೋಷ ನೋಡಬೇಕಿತ್ತು. ಆದರೆ ಬೀಜದ ಗಿಡ ಹಣ್ಣು ಕೊಡಲು ನಾಲ್ಕೈದು ವರ್ಷ, ಕೆಲವು ಸಲ ಇನ್ನೂ ಜಾಸ್ತಿ ಹಿಡಿಯುತ್ತದೆ. ತಾಯಿ ಹಣ್ಣಿನ ಗುಣವೇ ಬರುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಹಣ್ಣು ಬೇಗ ಬೇಕು ಅನ್ನುವವರು ಕಾಂಡದ ತುಂಡನ್ನೇ ನೆಡಬೇಕು. ಮಗಳ ಸಸಿಗಳನ್ನು ಕಿಟಕಿಯಲ್ಲಿ ಹಾಗೇ ಬಿಟ್ಟು, ನಾನು ನರ್ಸರಿಯೊಂದರಿಂದ ಮೊಳಕೈ ಉದ್ದದ ಮೂರು ತುಂಡು ತಂದೆ. "ಕೆಂಪು ತಿರುಳಿನದು, ಒಂದೇ ಗಿಡ ಇದ್ದರೂ ಕಾಯಿ ಕಚ್ಚುತ್ತೆ" ಅಂತ ಹೇಳಿ ಕೊಟ್ಟರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ತಂದ ಸಂಜೆಯೇ ನೆಟ್ಟು ನೀರು ಹಾಕಿದೆ. ಹತ್ತು ದಿನಕ್ಕೆ ಬುಡ ಮೆತ್ತಗಾಗಿ, ಬೆರಳಿಟ್ಟರೆ ನೀರು ಒಸರಿತು. ಮೂರೂ ಕೊಳೆತುಹೋದವು. ಕತ್ತರಿಸಿದ ಬಾಯಿ ಹಸಿಯಾಗಿರುವಾಗಲೇ ಮಣ್ಣಿಗೆ ಇಟ್ಟಿದ್ದು ತಪ್ಪು. ಎರಡನೇ ಸಲ ತಂದ ತುಂಡುಗಳನ್ನು ನೆರಳಿನಲ್ಲಿ ಒಂದು ವಾರ ಗೋಡೆಗೆ ಒರಗಿಸಿ ನಿಲ್ಲಿಸಿದೆ. ಕತ್ತರಿಸಿದ ಜಾಗ ಒಣಗಿ, ಬೆಳ್ಳಗೆ ಗಟ್ಟಿ ಚರ್ಮ ಕಟ್ಟಿಕೊಂಡಿತು. ಆಮೇಲೆ ಎರಡು ಬೆರಳಿನ ಆಳಕ್ಕೆ ಮಾತ್ರ ನೆಟ್ಟೆ. ಯಾವ ತುದಿ ಮೇಲಿತ್ತೋ ಅದೇ ಮೇಲೆ ಇರುವ ಹಾಗೆ ನೋಡಿಕೊಂಡೆ. ಮಣ್ಣು ಸ್ವಲ್ಪ ತೇವ ಇದ್ದರೆ ಸಾಕು, ನೀರು ನಿಲ್ಲಬಾರದು. ಮೂರು ವಾರ ಕಳೆದ ಮೇಲೆ ಒಂದನ್ನು ಮೆಲ್ಲಗೆ ಎಳೆದು ನೋಡಿದೆ. ಅದು ಬಿಗಿಯಾಗಿ ಹಿಡಿದುಕೊಂಡಿತ್ತು. ಬೇರು ಬಿಟ್ಟಿತ್ತು.

ದೊಡ್ಡ ಪ್ಲಾಸ್ಟಿಕ್ ಡ್ರಮ್ ಒಂದನ್ನು ಅರ್ಧಕ್ಕೆ ಕೊಯ್ಯಿಸಿ, ತಳದಲ್ಲಿ ಹತ್ತು ಹನ್ನೆರಡು ತೂತು ಮಾಡಿಸಿದೆ. ಕೆಳಗೆ ಇಟ್ಟಿಗೆ ಚೂರು, ಮೇಲೆ ಮಣ್ಣು, ಮರಳು, ಚೆನ್ನಾಗಿ ಕೊಳೆತ ಗೊಬ್ಬರ. ನಡುವೆ ನನ್ನ ಎತ್ತರಕ್ಕಿಂತ ಸ್ವಲ್ಪ ಜಾಸ್ತಿ ಇರುವ ಸಿಮೆಂಟ್ ಕಂಬ. ಕಂಬದ ತಲೆಗೆ ಅಡ್ಡಲಾಗಿ ಎರಡು ಕಬ್ಬಿಣದ ಸರಳು, ಅದರ ಮೇಲೆ ಸ್ಕೂಟರಿನ ಹಳೆಯ ಟೈರು. ನಮ್ಮವರು ಒಂದು ಭಾನುವಾರ ಪೂರ್ತಿ ಇದಕ್ಕೇ ಕೊಟ್ಟರು. ಟೈರು ಯಾಕೆ ಅಂದರೆ, ಈ ಕಳ್ಳಿ ಮೇಲಕ್ಕೆ ಹತ್ತುವಾಗ ಬರೀ ಬೆಳೆಯುತ್ತದೆ. ತುದಿ ತಲುಪಿ, ಟೈರಿನ ಮೇಲಿಂದ ಬಾಗಿ ಕೆಳಗೆ ಜೋತುಬಿದ್ದ ಮೇಲೆಯೇ ಹೂವಿನ ಬಗ್ಗೆ ಯೋಚಿಸುತ್ತದೆ.

ಅಲ್ಲಿಯವರೆಗೆ ಒಂದು ಗಿಡಕ್ಕೆ ಒಂದೇ ಕಾಂಡ ಬಿಡಬೇಕು. ಪಕ್ಕದಲ್ಲಿ ಬರುವ ಚಿಗುರನ್ನೆಲ್ಲ ಚಿವುಟಬೇಕು. ನನಗೆ ಇದು ತುಂಬಾ ಕಷ್ಟವಾಯಿತು. ಕೊಳೆತು ಸತ್ತ ಮೂರು ಗಿಡದ ನೆನಪು ಹಸಿಯಾಗಿರುವಾಗ, ಬದುಕಿದ ಗಿಡದ ಹಸಿರು ಚಿಗುರನ್ನು ಕತ್ತರಿಸಲು ಕೈ ಬರುವುದಿಲ್ಲ. ಒಂದು ಗಿಡಕ್ಕೆ ನಾಲ್ಕು ಚಿಗುರು ಹಾಗೇ ಬಿಟ್ಟೆ. ಅದು ಸೊಂಟದ ಎತ್ತರಕ್ಕೇ ಪೊದೆಯಾಗಿ ನಿಂತಿತು. ಚಿವುಟಿಸಿಕೊಂಡ ಎರಡು ಗಿಡಗಳು ಒಂದು ವರ್ಷದೊಳಗೆ ಟೈರು ಮುಟ್ಟಿದವು. ಆಮೇಲೆ ಮೂರನೆಯದಕ್ಕೂ ಕತ್ತರಿ ಹಿಡಿದೆ. ಮೊದಲ ವರ್ಷದ ಕೊನೆಗೆ ನೋಟ್‌ಬುಕ್ಕಿನಲ್ಲಿ ಖರ್ಚು 24 ಹಣ್ಣು, ಬಂದದ್ದು ಸೊನ್ನೆ.

ಆ ಬೇಸಿಗೆಯಲ್ಲಿ ಗಿಡ ಹಳದಿ ತಿರುಗಿತು. ಕಳ್ಳಿ ತಾನೇ, ಬಿಸಿಲು ಎಷ್ಟಿದ್ದರೇನು ಅಂದುಕೊಂಡಿದ್ದೆ. ಆದರೆ ಇದು ಮರುಭೂಮಿಯ ಕಳ್ಳಿ ಅಲ್ಲ. ಹೆಸರು ಕೇಳಿದರೆ ಚೀನಾದ್ದು ಅನ್ನಿಸುತ್ತದೆ. ತವರು ಮಾತ್ರ ದಕ್ಷಿಣ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಅಲ್ಲಿ ಇದನ್ನು ಪಿತಾಯ ಅನ್ನುತ್ತಾರೆ. ಕಾಡಿನಲ್ಲಿ ಮರ ಹಬ್ಬಿಕೊಂಡು, ಎಲೆಗಳ ನಡುವೆ ಸೋಸಿ ಬರುವ ಬೆಳಕಿನಲ್ಲಿ, ತೊಗಟೆಯ ಸಂದಿನಲ್ಲಿ ಕೊಳೆತ ತರಗೆಲೆ ತಿಂದು ಬೆಳೆಯುವ ಬಳ್ಳಿ ಅದು. ಕಾದ ಸಿಮೆಂಟಿನ ತಾರಸಿಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಬೆಂದುಹೋಗದೆ ಇನ್ನೇನಾಗುತ್ತದೆ! ಪಶ್ಚಿಮದ ಕಡೆ ನೆರಳು ಬಲೆ ಕಟ್ಟಿದೆ. ಬುಡಕ್ಕೆ ಒಣ ಎಲೆ ಹೊದಿಸಿದೆ. ಎರಡು ತಿಂಗಳಲ್ಲಿ ಹಸಿರು ಮರಳಿತು. ನೇರ ಬೆಂದ ಜಾಗದಲ್ಲಿ ಮಾತ್ರ ಕಂದು ಕಲೆ ಇವತ್ತಿಗೂ ಇದೆ.

ಎರಡನೇ ವರ್ಷದ ಮಳೆಗಾಲದಲ್ಲಿ ಕಾಂಡಗಳು ಜೋತುಬಿದ್ದು, ದಪ್ಪಗೆ, ಉದ್ದಕ್ಕೆ, ಮೃದುವಾಗಿ ಬೆಳೆದವು. ನೋಡಲು ಚೆಂದ. ಒಂದು ಮೊಗ್ಗೂ ಇಲ್ಲ. ಬೇಗ ಬೆಳೆಯಲಿ ಅಂತ ನಾನು ಯೂರಿಯಾ ಹಾಕುತ್ತಿದ್ದೆ. ಸಾರಜನಕ ಜಾಸ್ತಿಯಾದರೆ ಗಿಡ ಕಾಂಡವನ್ನೇ ಬೆಳೆಸುತ್ತಾ ಹೋಗುತ್ತದೆ, ಹೂ ಬಿಡಲು ಮರೆತುಬಿಡುತ್ತದೆ. ಯೂರಿಯಾ ನಿಲ್ಲಿಸಿ, ಕಾಂಪೋಸ್ಟ್ ಮತ್ತು ಸ್ವಲ್ಪ ಪೊಟ್ಯಾಷ್ ಕೊಟ್ಟೆ. ಮೆತ್ತಗಿದ್ದ ಆ ಕಾಂಡಗಳಿಗೆ ಮಳೆಯಲ್ಲಿ ಕಿತ್ತಳೆ ಬಣ್ಣದ ಚುಕ್ಕಿ ರೋಗವೂ ಬಂತು. ಶಿಲೀಂಧ್ರದಿಂದ ಬರುವುದು ಅದು. ರೋಗ ತಗುಲಿದ ಭಾಗವನ್ನು ಒಂದು ಗೇಣು ಮೇಲಿನವರೆಗೂ ಕತ್ತರಿಸಿ ದೂರ ಹಾಕಿದೆ. ಪ್ರತಿ ಸಲ ಕತ್ತರಿಸಿದ ಮೇಲೂ ಕತ್ತರಿಯನ್ನು ಸ್ಪಿರಿಟಿನಲ್ಲಿ ಒರೆಸುವುದನ್ನು ಆಗ ಕಲಿತೆ. ಇಲ್ಲದಿದ್ದರೆ ರೋಗವನ್ನು ನಾವೇ ಗಿಡದಿಂದ ಗಿಡಕ್ಕೆ ದಾಟಿಸಿದ ಹಾಗೆ.

ಅಷ್ಟು ಹೊತ್ತಿಗೆ ಅಮ್ಮ ಚೇತರಿಸಿಕೊಂಡಿದ್ದಳು. ಎಲ್ಲವೂ ಸೇರುತ್ತಿತ್ತು. ಕೋಲು ಹಿಡಿದು ತಾರಸಿಗೆ ಬಂದು, ಡ್ರಮ್ಮಿನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದಳು. ಹಣ್ಣು ಕೊಳ್ಳುವುದನ್ನು ನಾವು ಬಹುತೇಕ ನಿಲ್ಲಿಸಿದ್ದೆವು. ಬೆಲೆ ಅಷ್ಟು ಮೇಲೆ ಹೋಗಿತ್ತು. ಗಿಡ ಯಾರಿಗಾಗಿ ನೆಟ್ಟಿದ್ದೋ ಅವಳಿಗೆ ಈಗ ಅದರ ಅಗತ್ಯ ಇರಲಿಲ್ಲ ನಿಜ. ಆದರೆ ಬೆಳಿಗ್ಗೆ ಎದ್ದ ಕೂಡಲೇ ಗಿಡದ ಹತ್ತಿರ ಹೋಗುವವಳು ಅವಳೇ ಆಗಿದ್ದಳು.

ಮೂರನೇ ವರ್ಷ, ಮೊದಲ ಮಳೆ ಬಿದ್ದ ಎರಡು ವಾರಕ್ಕೆ, ಮೊಗ್ಗು ಕಂಡಿದ್ದೂ ಅಮ್ಮನಿಗೇ. ಮುಳ್ಳಿನ ಬುಡದಲ್ಲಿ ಕಡಲೆಕಾಳಿನಷ್ಟು ಉಬ್ಬು. "ಇದು ಚಿಗುರಲ್ಲ ಕಣೇ, ದುಂಡಗಿದೆ ನೋಡು" ಅಂದಳು. ಚಿಗುರು ಚೂಪಾಗಿರುತ್ತದೆ, ಮೊಗ್ಗು ಉಂಡೆಯಾಗಿರುತ್ತದೆ. ಮೂರು ಮೊಗ್ಗು ಇದ್ದವು. ಮೂರು ವಾರದಲ್ಲಿ ಒಂದೊಂದೂ ಗೇಣುದ್ದಕ್ಕಿಂತ ಜಾಸ್ತಿ ಬೆಳೆದು, ಕೊಕ್ಕಿನ ಹಾಗೆ ಮೇಲಕ್ಕೆ ಬಾಗಿದವು. ಮೊಗ್ಗಿನ ಹೊರಗೆ ಸಿಹಿ ರಸ ಒಸರುತ್ತದೆ. ಇರುವೆ ಸಾಲುಗಟ್ಟಿದವು. ಕಂಬದ ಬುಡಕ್ಕೆ ಗ್ರೀಸ್ ಸವರಿದ ಬಟ್ಟೆ ಸುತ್ತಿದೆ, ಅಷ್ಟಕ್ಕೆ ನಿಂತವು.

ಮೊದಲ ಹೂ ಅರಳಿದ ರಾತ್ರಿಯನ್ನು ಹೇಗೆ ಬರೆಯುವುದು! ಸಂಜೆ ಏಳರ ಹೊತ್ತಿಗೆ ಮೊಗ್ಗಿನ ತುದಿ ಸಡಿಲವಾಯಿತು. ಎಂಟೂವರೆಗೆ ಅಂಗೈ ಹಿಡಿಸುವಷ್ಟು ಬಾಯಿ ಬಿಟ್ಟಿತ್ತು. ಹತ್ತರ ಮೇಲೆ ಪೂರ್ತಿ ಅರಳಿತು. ಒಂದು ಊಟದ ತಟ್ಟೆಯಷ್ಟು ಅಗಲ, ಅಚ್ಚ ಬಿಳುಪು. ಒಳಗೆ ನೂರಾರು ಹಳದಿ ಕೇಸರ, ಅವುಗಳ ನಡುವಿನಿಂದ ಹೊರಚಾಚಿದ ದಪ್ಪ ದಂಟು, ಅದರ ತುದಿಯಲ್ಲಿ ನಕ್ಷತ್ರದ ಹಾಗೆ ಬಿಡಿಸಿಕೊಂಡ ಎಳೆಗಳು. ತಾರಸಿ ತುಂಬ ತಣ್ಣನೆಯ ಸಿಹಿ ಪರಿಮಳ. ಮಗಳು "ಅಜ್ಜಿ, ಅಲ್ಲಾಡ್ತಾ ಇದೆ ನೋಡು" ಅಂತ ಪಿಸುಗುಟ್ಟಿದಳು. ನಿಜವಾಗಿಯೂ ದಳ ಬಿಚ್ಚಿಕೊಳ್ಳುವುದು ಕಣ್ಣಿಗೆ ಕಾಣುತ್ತಿತ್ತು. ಈ ಗಿಡಕ್ಕೆ ರಾತ್ರಿಯೇ ಬದುಕು. ಹಗಲು ನೀರು ಆರಿಹೋಗದಂತೆ ಮೈಯ ಸಣ್ಣ ರಂಧ್ರಗಳನ್ನು ಮುಚ್ಚಿಕೊಂಡಿರುತ್ತದೆ, ಕತ್ತಲಾದ ಮೇಲೆ ತೆರೆದು ಗಾಳಿ ಒಳಗೆ ತೆಗೆದುಕೊಳ್ಳುತ್ತದೆ. ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಹೂ ಬಾಡಿ, ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು.

ಐದನೇ ದಿನ ಹೂವಿನ ಬುಡ ಹಳದಿಯಾಯಿತು. ಆರನೇ ದಿನ ಮುಟ್ಟಿದರೆ ಕೈಗೆ ಬಂತು. ಎರಡನೆಯದೂ ಹಾಗೇ. ಮೂರನೇ ಹೂವಿಗೆ ನಾನೇ ಬ್ರಷ್ ಹಿಡಿದು, ಅದರದೇ ಪರಾಗವನ್ನು ಅದರದೇ ನಕ್ಷತ್ರಕ್ಕೆ ಹಚ್ಚಿದೆ. ಅದೂ ಉದುರಿತು. ಮೂರು ವರ್ಷ ಕಾದು ಮೂರು ಹೂ, ಮೂರೂ ಹೋದವು. ಅವತ್ತು ನಾನು ಯಾರ ಜೊತೆಗೂ ಮಾತಾಡಲಿಲ್ಲ.

ನರ್ಸರಿಯಲ್ಲಿ ಹೇಳಿದ್ದು ಸುಳ್ಳೋ, ಅವರಿಗೇ ಗೊತ್ತಿರಲಿಲ್ಲವೋ, ನನಗೆ ತಿಳಿಯದು. ಕೆಂಪು ತಿರುಳಿನ ಎಷ್ಟೋ ತಳಿಗಳು ತಮ್ಮದೇ ಪರಾಗವನ್ನು ಒಪ್ಪುವುದಿಲ್ಲ. ಬೇರೆ ತಳಿಯ ಪರಾಗ ಬಿದ್ದರೆ ಮಾತ್ರ ಕಾಯಿ ಕಚ್ಚುತ್ತದೆ. ನನ್ನ ಹತ್ತಿರ ಮೂರು ಗಿಡ ಇವೆಯಲ್ಲ ಅಂದುಕೊಂಡಿದ್ದೆ. ಆದರೆ ಆ ಮೂರೂ ಒಂದೇ ತಾಯಿ ಗಿಡದ ತುಂಡುಗಳು. ಗಿಡದ ಲೆಕ್ಕದಲ್ಲಿ ಅವು ಮೂರಲ್ಲ, ಒಂದೇ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಮೂರು ಹೂವಿನ ಬೆಲೆ ತೆರಬೇಕಾಯಿತು. ಇದನ್ನು ಓದುವ ಯಾರಾದರೂ ಹೊಸದಾಗಿ ನೆಡುವವರಿದ್ದರೆ ದಯವಿಟ್ಟು ಬೇರೆ ಬೇರೆ ಮನೆಯಿಂದ, ಬೇರೆ ಬೇರೆ ತಳಿಯ ಕನಿಷ್ಠ ಎರಡು ತುಂಡು ತನ್ನಿ. ಒಂದು ಬಿಳಿ ತಿರುಳಿನದು ಇರಲಿ. ತನ್ನ ಪರಾಗಕ್ಕೇ ಕಾಯಿ ಕಚ್ಚುವ ತಳಿಗಳೂ ಇವೆ, ನಿಜ. ಅವಕ್ಕೂ ಬೇರೆ ಪರಾಗ ಸಿಕ್ಕರೆ ಹಣ್ಣು ದಪ್ಪ ಬರುತ್ತದೆ.

ಇನ್ನೊಂದು ಸಂಗತಿಯೂ ಇತ್ತು. ತವರಿನಲ್ಲಿ ಈ ಹೂವನ್ನು ಹುಡುಕಿಕೊಂಡು ಬರುವುದು ಬಾವಲಿಗಳು, ದೊಡ್ಡ ಪತಂಗಗಳು. ಅಷ್ಟು ಉದ್ದದ ಹೂ, ಅಷ್ಟು ಬಿಳುಪು, ಅಷ್ಟು ಪರಿಮಳ ಎಲ್ಲವೂ ಅವುಗಳಿಗಾಗಿ. ಆ ಜೀವಿಗಳಿಲ್ಲದ ಕಡೆ, ಉದಾಹರಣೆಗೆ ಇಸ್ರೇಲಿನ ತೋಟಗಳಲ್ಲಿ, ಮನುಷ್ಯರೇ ಕೈಯಿಂದ ಪರಾಗ ಹಚ್ಚುತ್ತಾರೆ. ಜೇನುನೊಣ ಬೆಳಗಿನ ಜಾವ ಸ್ವಲ್ಪ ಹೊತ್ತು ಬಂದರೂ, ಪರಾಗ ತೆಗೆದುಕೊಂಡು ಹೋಗುವುದೇ ಜಾಸ್ತಿ, ಹೊರಚಾಚಿದ ತುದಿಗೆ ಮುಟ್ಟಿಸುವುದು ಕಡಿಮೆ. ಹಣ್ಣಿನ ಬೆಲೆಯಲ್ಲಿ ಈ ರಾತ್ರಿ ಕೆಲಸವೂ ಸೇರಿರುತ್ತದೆ ಅಂತ ನನಗೆ ಹೊಳೆದಿದ್ದು ಆಗ.

ಗೆಳತಿಯೊಬ್ಬಳ ಮನೆಯಲ್ಲಿ ಬಿಳಿ ತಿರುಳಿನ ಗಿಡ ಇತ್ತು. ಫೋನ್ ಮಾಡಿ ಎಲ್ಲ ಹೇಳಿಕೊಂಡೆ. "ಅಯ್ಯೋ, ಅಷ್ಟೇನಾ? ನಾಳೆ ರಾತ್ರಿ ನಮ್ಮಲ್ಲಿ ನಾಲ್ಕು ಅರಳುತ್ತೆ, ಬಾ" ಅಂದಳು. ನನ್ನ ಮುಂದಿನ ಸುತ್ತಿನ ಮೊಗ್ಗುಗಳು ಇನ್ನೂ ಎಳೆಯವು, ಎರಡು ವಾರವಾದರೂ ಬೇಕಿತ್ತು. ಹಾಗಾಗಿ ಪರಾಗವನ್ನು ಕಾಪಾಡಿ ಇಡಬೇಕಾಯಿತು. ರಾತ್ರಿ ಹತ್ತಕ್ಕೆ ಅವಳ ತಾರಸಿಯಲ್ಲಿ ನಿಂತು, ಹೂವಿನ ಕೆಳಗೆ ಡಬ್ಬಿ ಹಿಡಿದು, ಒಣಗಿದ ಬ್ರಷ್‌ನಿಂದ ಕೇಸರಗಳನ್ನು ಮೆಲ್ಲಗೆ ಸವರಿದೆ. ಹಳದಿ ಪುಡಿ ಸುರಿಯಿತು. ನಾಲ್ಕು ಹೂವಿನಿಂದ ಎರಡು ಚಮಚದಷ್ಟು ಸಿಕ್ಕಿತು. ಮನೆಗೆ ತಂದು, ಕಾಗದದ ಮೇಲೆ ಹರಡಿ, ಕೆಲವು ಗಂಟೆ ತೇವ ಆರಲು ಬಿಟ್ಟೆ. ಆಮೇಲೆ ಪುಟ್ಟ ಡಬ್ಬಿಗೆ ಹಾಕಿ, ಜೊತೆಗೆ ಶೂ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಬಿಗಿಯಾಗಿ ಮುಚ್ಚಿ ಫ್ರೀಜರಿನಲ್ಲಿ ಇಟ್ಟೆ. ತೇವ ಇಲ್ಲದಿದ್ದರೆ ಫ್ರೀಜರಿನಲ್ಲಿ ಪರಾಗ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ತೇವ ಉಳಿದರೆ ಎಲ್ಲ ಹಾಳು.

ಆ ಸಲ ನನ್ನ ಗಿಡದಲ್ಲಿ ಎರಡೇ ಮೊಗ್ಗು. ಒಂದೇ ರಾತ್ರಿ ಎರಡೂ ಅರಳಿದವು. ಮಳೆ ಬರುವ ಹಾಗಿತ್ತು. ನಮ್ಮವರು ಕೊಡೆ ಹಿಡಿದು ನಿಂತರು, ಮಗಳು ಟಾರ್ಚ್ ಹಿಡಿದಳು. ಡಬ್ಬಿಯನ್ನು ಅರ್ಧ ಗಂಟೆ ಮುಂಚೆಯೇ ಹೊರಗಿಟ್ಟಿದ್ದೆ, ಮುಚ್ಚಳ ತೆಗೆಯದೆ. ತಣ್ಣಗಿರುವಾಗ ತೆರೆದರೆ ಒಳಗೆ ನೀರು ಕೂರುತ್ತದೆ. ಬ್ರಷ್ ಅದ್ದಿ, ನಕ್ಷತ್ರದ ಪ್ರತಿ ಎಳೆಗೂ ಪರಾಗ ಹಚ್ಚಿದೆ. ಆ ಎಳೆಗಳು ಸ್ವಲ್ಪ ಅಂಟಂಟು, ಪುಡಿ ಕೂಡಲೇ ಹಿಡಿದುಕೊಳ್ಳುತ್ತದೆ. ಎರಡನೇ ಹೂವಿಗೆ ಬರುವ ಹೊತ್ತಿಗೆ ಮಳೆ ಹನಿ ಶುರುವಾಗಿ, ಅವಸರದಲ್ಲಿ ಅರ್ಧಂಬರ್ಧ ಹಚ್ಚಿದೆ. ಎರಡಕ್ಕೂ ಮೇಲಿಂದ ಸಡಿಲವಾಗಿ ಪ್ಲಾಸ್ಟಿಕ್ ಚೀಲ ಹೊದಿಸಿ ಕೆಳಗೆ ಬಂದೆವು.

ಐದನೇ ದಿನ. ಹಸಿರು. ಆರನೇ ದಿನ. ಹಸಿರು. ಏಳನೇ ದಿನ ಬಾಡಿದ ಹೂವಿನ ಬುಡ ಸ್ವಲ್ಪ ಉಬ್ಬಿದ ಹಾಗೆ ಕಂಡಿತು. ಅಮ್ಮ ಮೆಟ್ಟಿಲಿನ ಕೆಳಗಿಂದಲೇ "ಏನಾಯ್ತೇ?" ಅಂದಳು. "ಕಚ್ಚಿದೆ ಅಮ್ಮಾ, ಕಾಯಿ ಕಚ್ಚಿದೆ!" ಅಂತ ನಾನು ಕೂಗಿದ್ದು ಪಕ್ಕದ ಮನೆಯವರಿಗೂ ಕೇಳಿಸಿತಂತೆ.

ಕಾಯಿ ನಿಂಬೆಯಷ್ಟಾದ ಮೇಲೆ ಹಣ್ಣುನೊಣ ಬರದ ಹಾಗೆ ಬಲೆ ಚೀಲ ಕಟ್ಟಿದೆ. ಇಪ್ಪತ್ತೆಂಟನೇ ದಿನ ಒಂದು ಬದಿ ಗುಲಾಬಿ ತಿರುಗಿತು. ಎರಡೇ ದಿನದಲ್ಲಿ ಮೈಯೆಲ್ಲ ಕೆಂಪು. ಮಗಳು ಕೊಯ್ಯೋಣ ಅಂತ ಕುಣಿದಳು. ನಾನು ತಡೆದೆ. ಬಾಳೆ, ಮಾವಿನ ಹಾಗೆ ಇದನ್ನು ಕೊಯ್ದಿಟ್ಟು ಮಾಗಿಸಲು ಆಗುವುದಿಲ್ಲ. ಗಿಡದಿಂದ ಬಿಡಿಸಿದ ಕ್ಷಣಕ್ಕೆ ಎಷ್ಟು ಸಿಹಿ ಇತ್ತೋ ಅಷ್ಟೇ. ಮತ್ತೆ ಒಂದು ಗುಂಜಿಯೂ ಏರುವುದಿಲ್ಲ. ದೂರ ಸಾಗಿಸುವ ಹಣ್ಣನ್ನು ದಾರಿಯಲ್ಲಿ ಒಡೆಯದಿರಲಿ ಅಂತ ಮೊದಲೇ ಕೊಯ್ಯುವುದುಂಟು. ಅದಕ್ಕೇ ಅಷ್ಟು ದುಡ್ಡು ಕೊಟ್ಟು ತಂದ ಹಣ್ಣು ಎಷ್ಟೋ ಸಲ ಸಪ್ಪೆ ಇರುತ್ತದೆ. ಹಾಗಂತ ತುಂಬಾ ತಡ ಮಾಡಿದರೆ ಸಿಪ್ಪೆ ಬಿರಿಯುತ್ತದೆ, ಇರುವೆ ನುಗ್ಗುತ್ತದೆ. ಮೈಯೆಲ್ಲ ಕೆಂಪಾಗಿ ನಾಲ್ಕು ದಿನ ಕಳೆದು, ಹೊರಗಿನ ರೆಕ್ಕೆಗಳ ತುದಿ ಸ್ವಲ್ಪ ಒಣಗಿದಾಗ, ಮೂವತ್ತನಾಲ್ಕನೇ ದಿನ ಬೆಳಿಗ್ಗೆ ಕತ್ತರಿ ಹಾಕಿದೆ.

ದೊಡ್ಡದು 410 ಗ್ರಾಂ, ಅರ್ಧಂಬರ್ಧ ಪರಾಗ ಹಚ್ಚಿದ್ದು 260 ಗ್ರಾಂ ಇತ್ತು. ಅದು ಯಾಕೆ ಅಂತ ಆಗ ಗೊತ್ತಾಯಿತು. ಎಷ್ಟು ಪರಾಗ ಮುಟ್ಟುತ್ತದೋ ಅಷ್ಟು ಬೀಜ, ಎಷ್ಟು ಬೀಜವೋ ಅಷ್ಟು ತಿರುಳು. ಅಮ್ಮನಿಗೆ ದೊಡ್ಡದನ್ನು ಕೊಟ್ಟೆ. ಚಮಚ ಬೇಡ ಅಂದಳು. ಸಿಪ್ಪೆಯನ್ನು ಕೈಯಿಂದಲೇ ಸುಲಿದು, ಮಗಳ ಬಾಯಿಗೆ ಒಂದು ಹೋಳು, ತನ್ನ ಬಾಯಿಗೆ ಒಂದು ಹೋಳು. ಬೆರಳೆಲ್ಲ ಕೆಂಪು. "ಅವತ್ತು ತಿಂದಿದ್ದು ಇದೇ ಹಣ್ಣಾ?" ಅಂದಳು. "ಅದು ಬರೀ ತಣ್ಣಗಿತ್ತು. ಇದು ಸಿಹಿ ಕಣೇ." ನಾನೂ ತಿಂದೆ. ಹೌದು, ಇದು ಬೇರೆಯೇ ಹಣ್ಣು.

ನಾಲ್ಕನೇ ವರ್ಷ 17 ಹಣ್ಣು ಬಂದವು. ಗೆಳತಿ ಬಿಳಿ ತಿರುಳಿನ ಎರಡು ತುಂಡು ಕೊಟ್ಟಳು, ನಾನು ಅವಳಿಗೆ ಕೆಂಪಿನದು ಕೊಟ್ಟೆ. ಅವು ಇನ್ನೂ ಕಂಬ ಹತ್ತುತ್ತಿವೆ. ಅಲ್ಲಿಯವರೆಗೆ ಫ್ರೀಜರಿನ ಡಬ್ಬಿಯೇ ಗತಿ. ನೋಟ್‌ಬುಕ್ಕಿನ ಲೆಕ್ಕ ಹೀಗಿದೆ: ನೆರಳು ಬಲೆ, ಗೊಬ್ಬರ, ಬಲೆ ಚೀಲ ಎಲ್ಲ ಸೇರಿ ಒಟ್ಟು ಖರ್ಚು 30 ಹಣ್ಣು. ಬಂದದ್ದು 19. ಇನ್ನೂ 11 ಬಾಕಿ. ಆದರೆ ಅದು ಹಳೆಯ ಬೆಲೆಯ ಲೆಕ್ಕ. ಈಗ ಹೊರಗೆ ಒಂದು ಹಣ್ಣಿನ ಬೆಲೆ ಆಗಿನದಕ್ಕಿಂತ ಒಂದಕ್ಕೆ ಎರಡರ ಹತ್ತಿರ ಬಂದಿದೆ. ಇವತ್ತಿನ ಬೆಲೆ ಹಿಡಿದರೆ ಸಾಲ ಆಗಲೇ ತೀರಿದೆ. ಚೆನ್ನಾಗಿ ನೋಡಿಕೊಂಡರೆ ಈ ಗಿಡ ಇಪ್ಪತ್ತು ವರ್ಷದವರೆಗೂ ಹಣ್ಣು ಕೊಡಬಲ್ಲದು. ನನ್ನ ರಾತ್ರಿಗಳನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿದಿಲ್ಲ. ತೋಟದವರು ಹಿಡಿಯಲೇಬೇಕಾಗುತ್ತದೆ. ಈಗ ಮಾರಾಟಕ್ಕಿಟ್ಟ ಹಣ್ಣು ನೋಡಿದಾಗ ಇದಕ್ಕೂ ಯಾರೋ ನಿದ್ದೆಗೆಟ್ಟಿದ್ದಾರೆ ಅನ್ನಿಸುತ್ತದೆ.

ಇದನ್ನು ಬರೆಯುತ್ತಿರುವಾಗ ಸಂಜೆ ಏಳೂಕಾಲು. ತಾರಸಿಯಲ್ಲಿ ಇವತ್ತು 14 ಮೊಗ್ಗು ಬಿರಿಯಲು ಸಿದ್ಧವಾಗಿವೆ. ಇಷ್ಟು ಒಟ್ಟಿಗೆ ಯಾವತ್ತೂ ಬಂದಿರಲಿಲ್ಲ. ಮಗಳು ಟಾರ್ಚಿಗೆ ಹೊಸ ಸೆಲ್ ಹಾಕಿದ್ದಾಳೆ. ಅಮ್ಮ ಆಗಲೇ ಶಾಲು ಹೊದ್ದು ಮೇಲೆ ಕುರ್ಚಿಯಲ್ಲಿ ಕೂತಿದ್ದಾಳೆ. ಪರಾಗದ ಡಬ್ಬಿಯನ್ನು ಈಗಷ್ಟೇ ಫ್ರೀಜರಿನಿಂದ ತೆಗೆದು ಮೇಜಿನ ಮೇಲೆ ಇಟ್ಟೆ, ಮುಚ್ಚಳ ತೆಗೆಯದೆ.